ಮನೆ ಕಿಟಕಿಗೆ ಕಾನೂನು, ರೈಲು ಸೇತುವೆಗೆ ವಿನಾಯಿತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ರೈಲು ಮಾರ್ಗಗಳನ್ನು ಪರಂಪರೆ ಪರಿಶೀಲನೆಯಿಂದ ಬಹುಪಾಲು ಹೊರಗಿಟ್ಟಿದ್ದಾರೆ ಎಂದು ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರಿಸುವಾಗ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಪತ್ರಗಳು ಬಂದವು. ಕೆಲವರಿಗೆ ಸಿಟ್ಟು, ಕೆಲವರಿಗೆ ಖುಷಿ, ಒಬ್ಬರಿಗಂತೂ ನಾನು ಯಾವ ಪಕ್ಷ ಅಂತ ಅನುಮಾನ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ. ಪಿಂಚಣಿ ಮತ್ತು ಖಾತೆ ಬದಲಾವಣೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪರಂಪರೆ ಪರಿಶೀಲನೆ ಅಂದರೆ ಏನು? ರೈಲಿಗೆ ಅದರಿಂದ ವಿನಾಯಿತಿ ಅಂದರೆ ಹಳೇ ಸ್ಟೇಷನ್‌ಗಳನ್ನೆಲ್ಲ ಇನ್ನು ಬೇಕಾದ ಹಾಗೆ ಕೆಡವಬಹುದು ಅಂತಲೇ?
— ಓದುಗರು, ತುಮಕೂರು

ಅಷ್ಟು ಸುಲಭವಲ್ಲ. ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ.

1966ರಲ್ಲಿ ಅಮೆರಿಕ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆ ಮಾಡಿತು. ಅದರಲ್ಲಿ ಸೆಕ್ಷನ್ 106 ಅಂತ ಒಂದಿದೆ. ಕೇಂದ್ರ ಸರ್ಕಾರದ ಯಾವುದೇ ಇಲಾಖೆ ಒಂದು ಕೆಲಸ ಮಾಡುವ ಮೊದಲು, ಅಥವಾ ಬೇರೆಯವರು ಮಾಡುವ ಕೆಲಸಕ್ಕೆ ದುಡ್ಡೋ ಪರವಾನಗಿಯೋ ಕೊಡುವ ಮೊದಲು, ಅದರಿಂದ ಇತಿಹಾಸದ ಮಹತ್ವ ಇರುವ ಜಾಗಕ್ಕೆ ಏನಾಗುತ್ತದೆ ಎಂದು ನೋಡಬೇಕು. ಪ್ರತಿ ರಾಜ್ಯದಲ್ಲೂ ಇದಕ್ಕೊಬ್ಬ ಸಂರಕ್ಷಣಾ ಅಧಿಕಾರಿ ಇದ್ದಾರೆ. ಅವರಿಗೆ ಕಾಗದ ಹೋಗುತ್ತದೆ, ಉತ್ತರಿಸಲು 30 ದಿನ ಸಮಯ. ಹಾನಿ ಇದೆ ಅಂತಾದರೆ ತಪ್ಪಿಸುವುದು ಹೇಗೆ, ಕಡಿಮೆ ಮಾಡುವುದು ಹೇಗೆ ಅಂತ ಎಲ್ಲರೂ ಕೂತು ಮಾತಾಡಬೇಕು. ಮಾತಾಡಿದ ಮೇಲೂ ಕೆಡವಲೇಬೇಕು ಅಂತಾದರೆ ಕೆಡವಬಹುದು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಸೆಕ್ಷನ್ 106 'ನೋಡಿ, ಕೇಳಿ' ಅನ್ನುತ್ತದೆ, 'ಕೆಡವಬೇಡಿ' ಅನ್ನುವುದಿಲ್ಲ.

ಸಾಮಾನ್ಯವಾಗಿ 50 ವರ್ಷ ದಾಟಿದ್ದು ಈ ಪರಿಶೀಲನೆಯ ಕಣ್ಣಿಗೆ ಬೀಳುತ್ತದೆ. ರೈಲಿನಲ್ಲಿ 50 ವರ್ಷ ದಾಟದೇ ಇರುವುದು ಏನಿದೆ ಹೇಳಿ! ಮೋರಿ, ಕಂಬ, ಸೇತುವೆ, ಸಿಗ್ನಲ್ ಕ್ಯಾಬಿನ್, ಎಲ್ಲ ಹಳೇದೇ. ಇಡೀ ರೈಲು ಮಾರ್ಗವನ್ನೇ ಒಂದು ಐತಿಹಾಸಿಕ ಆಸ್ತಿ ಅಂತ ಪರಿಗಣಿಸಿದರೆ ಒಂದೊಂದು ಕಂಬಕ್ಕೂ ಕಾಗದ ಬರೆಯಬೇಕಾದೀತು ಅನ್ನುವುದು ರೈಲಿನವರ ತಕರಾರು. 2015ರಲ್ಲಿ ಅಮೆರಿಕದ ಸಂಸತ್ತು ಫಾಸ್ಟ್ ಆ್ಯಕ್ಟ್ ಎಂಬ ಸಾರಿಗೆ ಕಾಯ್ದೆ ಮಾಡಿದಾಗ ಅದರೊಳಗೆ ಈ ತಕರಾರಿಗೂ ಜಾಗ ಸಿಕ್ಕಿತು. ರೈಲ್ವೆ ಜಾಗಕ್ಕೆ ವಿನಾಯಿತಿಯ ದಾರಿ ಹುಡುಕಿ ಎಂದು ಅದು ಹೇಳಿತು. 2018ರ ಆಗಸ್ಟ್‌ನಲ್ಲಿ ಐತಿಹಾಸಿಕ ಸಂರಕ್ಷಣೆಯ ಸಲಹಾ ಮಂಡಳಿ ಪ್ರೋಗ್ರಾಂ ಕಾಮೆಂಟ್ ಎಂಬ ಆದೇಶ ಹೊರಡಿಸಿ ವಿನಾಯಿತಿ ಕೊಟ್ಟಿತು.

ವಿನಾಯಿತಿಗೆ ಎರಡು ದಾರಿ. ಒಂದರಲ್ಲಿ ಕೆಲಸಗಳ ಪಟ್ಟಿ ಇದೆ: ಹಳಿ ಬದಲಿಸುವುದು, ಹಳಿ ಕೆಳಗೆ ಅಡ್ಡ ಹಾಕುವ ಸ್ಲೀಪರ್, ಜಲ್ಲಿ, ಸಿಗ್ನಲ್, ಹೀಗೆ. ಪಟ್ಟಿಯಲ್ಲಿರುವ ಕೆಲಸವಾದರೆ ಸೀದಾ ಶುರು ಮಾಡಬಹುದು, ಕೆಲವಕ್ಕೆ ಮಾತ್ರ ಪರಂಪರೆ ವಿಷಯ ಗೊತ್ತಿರುವ ತಜ್ಞರು ಒಮ್ಮೆ ನೋಡಬೇಕು. ಇನ್ನೊಂದರಲ್ಲಿ ಆಸ್ತಿಗಳ ಪಟ್ಟಿ ಮಾಡಬೇಕು. ಈ ಮಾರ್ಗದಲ್ಲಿ ಇಂಥಿಂಥ ಸ್ಟೇಷನ್, ಇಂಥ ಸುರಂಗ ಮುಖ್ಯ, ಇವುಗಳಿಗೆ ಪರಿಶೀಲನೆ ಇರಲಿ, ಉಳಿದದ್ದಕ್ಕೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳುವುದು.

ವಿನಾಯಿತಿ ಇರುವುದು ರೈಲಿನದೇ ವಸ್ತುಗಳಿಗೆ. ಹಳಿ ಪಕ್ಕದ ಹಳೇ ಚರ್ಚಿಗೋ ಗಿರಣಿಗೋ ಧಕ್ಕೆ ಆಗುವಂತಿದ್ದರೆ, ಹಿಂದೆ ಯಾರೂ ಅಗೆಯದ ನೆಲವನ್ನು ಅಗೆಯುವಂತಿದ್ದರೆ, ಪರಿಶೀಲನೆ ಮೊದಲಿನ ಹಾಗೇ ನಡೆಯಬೇಕು. ಇದರ ಜೊತೆಗೆ ಸೆಕ್ಷನ್ 4(ಎಫ್) ಅಂತ ಇನ್ನೊಂದು ಸಾರಿಗೆ ಕಾನೂನಿದೆ, ಅದೂ 1966ರದ್ದೇ, 106ಕ್ಕಿಂತ ಬಿಗಿ. ಬೇರೆ ದಾರಿ ಇದ್ದರೆ ಐತಿಹಾಸಿಕ ಜಾಗ ಮುಟ್ಟಲೇಬೇಡಿ ಅನ್ನುತ್ತದೆ. ಅದರಿಂದಲೂ 2015ರಲ್ಲಿ ರೈಲಿಗೆ ವಿನಾಯಿತಿ ಸಿಕ್ಕಿತು, ಆದರೆ ಸ್ಟೇಷನ್‌ಗಳನ್ನೂ, ಮುಚ್ಚಿಹೋದ ಲೈನುಗಳ ಸೇತುವೆ ಮತ್ತು ಸುರಂಗಗಳನ್ನೂ ವಿನಾಯಿತಿಯಿಂದ ಹೊರಗಿಟ್ಟರು. ಅಂದರೆ ನಿಮ್ಮ ಭಯದ ಸ್ಟೇಷನ್ ಅಲ್ಲಿ ಒಂದು ಮಟ್ಟಿಗೆ ಸುರಕ್ಷಿತ. ನನ್ನ ಚಿಂತೆ ಬೇರೆ ಕಡೆ ಇದೆ, ಮುಂದೆ ಬರುತ್ತದೆ.

ಪ್ರಶ್ನೆ: ನಾನು ದಿನಾ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ರೈಲಲ್ಲಿ ಓಡಾಡುವವನು. ದಾರಿಯಲ್ಲಿ ಒಂದು ಹಳೇ ಸೇತುವೆ ತೆರೆದುಕೊಂಡು ಮುಚ್ಚದೇ ಹೋದರೆ ನಮ್ಮ ಅರ್ಧ ದಿನ ಹೋಯಿತು. ಹೊಸದು ಕಟ್ಟಲು ಇಷ್ಟು ವರ್ಷ ಹಿಡಿದದ್ದಕ್ಕೆ ಈ ಪರಂಪರೆಯವರೇ ಕಾರಣ ಅಂತ ಸಹೋದ್ಯೋಗಿಗಳು ಬೈಯುತ್ತಾರೆ. ವಿನಾಯಿತಿ ಕೊಟ್ಟಿದ್ದು ಒಳ್ಳೆಯದೇ ಅಲ್ವಾ?
— ಓದುಗರು, ಎಡಿಸನ್, ನ್ಯೂಜೆರ್ಸಿ

ಬೈಗುಳ ಸರಿ, ವಿಳಾಸ ತಪ್ಪು.

ನೀವು ಹೇಳುತ್ತಿರುವುದು ಹ್ಯಾಕೆನ್‌ಸ್ಯಾಕ್ ನದಿಯ ಪೋರ್ಟಲ್ ಬ್ರಿಡ್ಜ್. 1910ರದ್ದು. ನೀರಿನಿಂದ ಬರೀ 23 ಅಡಿ ಎತ್ತರ, ಹಾಗಾಗಿ ದೊಡ್ಡ ದೋಣಿ ಬಂದರೆ ಸೇತುವೆಯ ನಡುಭಾಗ ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು, ದೋಣಿ ಹೋದ ಮೇಲೆ ತಿರುಗಿ ಬಂದು ಹಳಿಗೆ ಹಳಿ ಸೇರಿ ಕೂರಬೇಕು. ಎಷ್ಟೋ ಸಲ ಕೂರುವುದಿಲ್ಲ. ಆಗ ಕೆಲಸಗಾರರು ದೊಡ್ಡ ಸುತ್ತಿಗೆ ತಂದು ಬಡಿದು ಕೂರಿಸಿದ್ದೂ ಇದೆ. ಬಾಸ್ಟನ್ನಿಂದ ವಾಷಿಂಗ್ಟನ್‌ವರೆಗೆ 457 ಮೈಲಿ ಉದ್ದದ ನಾರ್ತ್‌ಈಸ್ಟ್ ಕಾರಿಡಾರ್, ಅಮೆರಿಕದಲ್ಲೇ ಅತಿ ಹೆಚ್ಚು ಪ್ರಯಾಣಿಕರ ಮಾರ್ಗ, ಒಂದು ಸುತ್ತಿಗೆಗಾಗಿ ಕಾಯುತ್ತಾ ನಿಲ್ಲುತ್ತದೆ.

ಈಗ ಇಸವಿಗಳನ್ನು ನೋಡಿ. ಹೊಸ ಸೇತುವೆಯ ಪರಿಸರ ಮತ್ತು ಪರಂಪರೆ ಪರಿಶೀಲನೆ ಎಲ್ಲ ಮುಗಿದು ಕೇಂದ್ರದ ರೈಲ್ವೆ ಆಡಳಿತ ಒಪ್ಪಿಗೆ ಕೊಟ್ಟಿದ್ದು 2008ರ ಡಿಸೆಂಬರಿನಲ್ಲಿ. ಹಳೇ ಸೇತುವೆಗೆ ಐತಿಹಾಸಿಕ ಮಹತ್ವ ಇದೆ ಅಂತ ಆ ಪರಿಶೀಲನೆಯಲ್ಲಿ ಒಪ್ಪಿಕೊಂಡರು, ಒಪ್ಪಿಕೊಂಡೂ ಹೊಸದು ಕಟ್ಟಿ ಅಂದರು. ಕೇಂದ್ರದ ದೊಡ್ಡ ಅನುದಾನಕ್ಕೆ ಸಹಿ ಬಿದ್ದಿದ್ದು 2021ರ ಜನವರಿಯಲ್ಲಿ. ಕೆಲಸ ಶುರುವಾಗಿದ್ದು 2022ರಲ್ಲಿ. ನಡುವಿನ 12 ವರ್ಷ ಯಾವ ಇತಿಹಾಸಕಾರರೂ ಅಡ್ಡ ಮಲಗಿರಲಿಲ್ಲ. ದುಡ್ಡು ಯಾರು ಕೊಡಬೇಕು ಅಂತ ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಕಿತ್ತಾಡುತ್ತಿದ್ದವು. ಇದೇ ಸಮಯದಲ್ಲಿ, 2010ರಲ್ಲಿ, ಹಡ್ಸನ್ ನದಿ ಕೆಳಗೆ ಹೋಗಬೇಕಿದ್ದ, ಆಗಲೇ ಕೆಲಸ ಶುರುವಾಗಿದ್ದ ಹೊಸ ಸುರಂಗದ ಯೋಜನೆಯನ್ನು ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ಖರ್ಚು ಜಾಸ್ತಿ ಅಂತ ರದ್ದು ಮಾಡಿದರು. ನಿಮ್ಮ ಸಹೋದ್ಯೋಗಿಗಳಿಗೆ ಇದನ್ನೂ ನೆನಪಿಸಿ.

ಹಾಗಂತ ಪರಿಶೀಲನೆಯಿಂದ ತಡವೇ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಕೆಲಸಕ್ಕೆ ಆಗುತ್ತದೆ. ಒಂದು ಮೋರಿ ರಿಪೇರಿಗೆ ಸಲಹೆಗಾರರನ್ನು ಹಿಡಿದು ವರದಿ ಬರೆಸಿ ತಿಂಗಳುಗಟ್ಟಲೆ ಕಾಯುವುದು ನಿಜಕ್ಕೂ ಕಿರಿಕಿರಿ. ಆದರೆ ಸಾವಿರ ಕೋಟಿ ಲೆಕ್ಕದ ಯೋಜನೆ ನಿಂತುಹೋದಾಗ ಹಳೇ ಕಲ್ಲಿನ ಮೇಲೆ ತಪ್ಪು ಹಾಕುವುದು ರಾಜಕಾರಣಿಗಳಿಗೆ ಬಹಳ ಅನುಕೂಲ. ಕಲ್ಲು ವಾಪಸ್ ಮಾತಾಡುವುದಿಲ್ಲವಲ್ಲ.

ಪ್ರಶ್ನೆ: ಇಷ್ಟೆಲ್ಲ ರಗಳೆಯ ಕಾನೂನನ್ನು ಅಮೆರಿಕದಂಥ ವ್ಯಾಪಾರದ ದೇಶ ಮಾಡಿದ್ದಾದರೂ ಯಾಕೆ?
— ಓದುಗರು, ಶಿವಮೊಗ್ಗ

ತಮಾಷೆ ಇರುವುದು ಇಲ್ಲೇ. ಈ ಕಾನೂನಿನ ಹಿಂದೆ ಒಂದು ರೈಲ್ವೆ ಕಂಪನಿಯ ಕೈಯಿದೆ.

ಪೆನ್ಸಿಲ್ವೇನಿಯಾ ರೈಲ್‌ರೋಡ್ ಅಂತ ಒಂದು ಭಾರೀ ಕಂಪನಿ ಇತ್ತು. ಮೇಲೆ ಹೇಳಿದ ಪೋರ್ಟಲ್ ಬ್ರಿಡ್ಜ್ ಅದರದೇ. ಅದೇ 1910ರಲ್ಲಿ ಅದು ನ್ಯೂಯಾರ್ಕಿನ ನಡುವೆ ಪೆನ್ ಸ್ಟೇಷನ್ ತೆರೆಯಿತು. ನಸುಗೆಂಪು ಗ್ರಾನೈಟಿನ 84 ಕಂಬ, ಹಳೇ ರೋಮಿನ ಸ್ನಾನಗೃಹದ ಮಾದರಿಯ ಎತ್ತರದ ಸಭಾಂಗಣ, ರೈಲು ಹತ್ತಲು ಹೋಗುವ ಅಂಗಳದ ಮೇಲೆ ಗಾಜು ಮತ್ತು ಉಕ್ಕಿನ ಚಾವಣಿ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಜನ ಕಾರು ಮತ್ತು ವಿಮಾನ ಹಿಡಿದಿದ್ದರು, ಕಂಪನಿ ಕೈಯಲ್ಲಿ ಕಾಸಿರಲಿಲ್ಲ. ಸ್ಟೇಷನ್ ಮೇಲಿನ ಜಾಗ ಮಾರಿಕೊಂಡಿತು. 1963ರ ಅಕ್ಟೋಬರಿನಲ್ಲಿ ಕೆಡವಲು ಶುರು ಮಾಡಿದರು. ರೈಲುಗಳು ನೆಲದಡಿ ಓಡುತ್ತಲೇ ಇದ್ದವು, ಮೇಲೆ ಕಟ್ಟಡ ಉರುಳುತ್ತಿತ್ತು. ವಾಸ್ತುಶಿಲ್ಪಿಗಳು ಬೋರ್ಡು ಹಿಡಿದು ಬೀದಿಗೆ ಬಂದರು. ಪ್ರಯೋಜನವಾಗಲಿಲ್ಲ, ತಡೆಯಲು ಯಾವ ಕಾನೂನೂ ಇರಲಿಲ್ಲ. ಆ ಕಂಬ, ಆ ಶಿಲ್ಪಗಳ ಬಹುಭಾಗವನ್ನು ಲಾರಿಯಲ್ಲಿ ತುಂಬಿ ನ್ಯೂಜೆರ್ಸಿಯ ಸಿಕಾಕಸ್ ಜೌಗಿನಲ್ಲಿ ಸುರಿದರು. ಎಡಿಸನ್ನಿನ ಓದುಗರೇ, ನಿಮ್ಮ ರೈಲು ಪೋರ್ಟಲ್ ಬ್ರಿಡ್ಜ್ ದಾಟಿ ಹೋಗುವುದು ಅದೇ ಜೌಗಿನ ಮೇಲೆ.

ಆ ಜಾಗದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣ ಎದ್ದಿತು. ಊರಿಗೆ ಬಿದ್ದ ಪೆಟ್ಟು ಜೋರಾಗಿತ್ತು. 1965ರಲ್ಲಿ ನ್ಯೂಯಾರ್ಕ್ ನಗರ ತನ್ನದೇ ಸ್ಮಾರಕ ಕಾನೂನು ಮಾಡಿತು, ಮರುವರ್ಷ ಕೇಂದ್ರದ ಕಾಯ್ದೆ ಬಂತು. ಪೆನ್ ಸ್ಟೇಷನ್ ಒಂದೇ ಕಾರಣ ಅನ್ನಲಾಗದು. ಹೆದ್ದಾರಿ ಹಾಕಲು, ಹಳೇ ಬಡಾವಣೆ ಕಿತ್ತು ಹೊಸದು ಮಾಡಲು ಕೇಂದ್ರದ ದುಡ್ಡಿನಲ್ಲೇ ಊರೂರುಗಳಲ್ಲಿ ಬುಲ್ಡೋಜರ್ ಓಡುತ್ತಿದ್ದ ಕಾಲ ಅದು. ಆ ಸಿಟ್ಟೂ ಸೇರಿತ್ತು.

ಇನ್ನೊಂದು ಮಾತು. ಸೆಕ್ಷನ್ 106 ಆಗಲೇ ಇದ್ದಿದ್ದರೂ ಪೆನ್ ಸ್ಟೇಷನ್ ಉಳಿಯುತ್ತಿರಲಿಲ್ಲ. ಖಾಸಗಿ ಕಂಪನಿಯ ಸ್ವಂತ ಆಸ್ತಿ, ಖಾಸಗಿ ದುಡ್ಡು, ಕೇಂದ್ರದ ಕೈ ಎಲ್ಲೂ ಇಲ್ಲ. ಪಕ್ಕದ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಉಳಿದದ್ದು ನಗರದ ಕಾನೂನಿನಿಂದ. ಅದರ ಮೇಲೆ 55 ಅಂತಸ್ತಿನ ಗೋಪುರ ಕಟ್ಟುತ್ತೇವೆ ಎಂದು ಪೆನ್ ಸೆಂಟ್ರಲ್ ಕಂಪನಿ ಹಟ ಹಿಡಿಯಿತು, ನಗರ ಬೇಡ ಅಂದಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಉಳಿಸಿ ಅನ್ನುವವರ ಮುಂದೆ ನಿಂತವರು ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಪತ್ನಿ ಜಾಕಿ ಕೆನಡಿ. 1978ರಲ್ಲಿ 6–3 ಮತಗಳಿಂದ ನಗರ ಗೆದ್ದಿತು. ಈ ಪೆನ್ ಸೆಂಟ್ರಲ್ ಯಾರು ಅಂತೀರಿ? ಪೆನ್ ಸ್ಟೇಷನ್ ಕೆಡವಿದ ಕಂಪನಿಯೇ, ಇನ್ನೊಂದು ಕಂಪನಿ ಜೊತೆ ಸೇರಿ ಹೆಸರು ಬದಲಿಸಿಕೊಂಡಿತ್ತು.

ಪ್ರಶ್ನೆ: ನಮ್ಮದು ನೂರು ವರ್ಷದ ಮರದ ಮನೆ. ಗಾಳಿ ಒಳಗೆ ಬರುತ್ತದೆ ಅಂತ ಕಿಟಕಿ ಬದಲಿಸಲು ಹೋದರೆ ಊರಿನ ಐತಿಹಾಸಿಕ ಸಮಿತಿ ಬಿಡಲಿಲ್ಲ. ಮರದ್ದೇ ಆಗಬೇಕಂತೆ, ಬಣ್ಣವೂ ಅವರು ಹೇಳಿದ್ದೇ ಆಗಬೇಕಂತೆ. ಇತ್ತ ರೈಲಿಗೆ ವಿನಾಯಿತಿ. ಇದು ಯಾವ ನ್ಯಾಯ?
— ಓದುಗರು, ಬಾಸ್ಟನ್ ಹತ್ತಿರ

ನಿಮ್ಮ ಕಷ್ಟ ಅರ್ಥವಾಗುತ್ತದೆ, ಅಲ್ಲಿನ ಚಳಿಯಲ್ಲಂತೂ. ಆದರೆ ಇವು ಎರಡು ಬೇರೆ ಕಾನೂನು. ನಿಮ್ಮ ಕಿಟಕಿ ಹಿಡಿದಿರುವುದು ಊರಿನ ನಿಯಮ. ಅದಕ್ಕೆ ಬೇಡ ಅನ್ನುವ ಅಧಿಕಾರ ಇದೆ. ಸೆಕ್ಷನ್ 106 ಕೇಂದ್ರದ್ದು, ಅದು ನಿಮ್ಮ ಕಿಟಕಿಯನ್ನು ಕೇಳುವುದೇ ಇಲ್ಲ, ನೀವು ಕಿಟಕಿಗೆ ಕೇಂದ್ರದ ಅನುದಾನ ತಗೊಂಡರೆ ಮಾತ್ರ ಬರುತ್ತದೆ.

ಇದೇ ಲೆಕ್ಕ ರೈಲಿಗೂ. ಯೂನಿಯನ್ ಪೆಸಿಫಿಕ್, ಬಿಎನ್‌ಎಸ್‌ಎಫ್ ತರಹದ ದೊಡ್ಡ ಗೂಡ್ಸ್ ಕಂಪನಿಗಳು ಖಾಸಗಿ. ತಮ್ಮ ದುಡ್ಡಲ್ಲಿ ತಮ್ಮ ಹಳಿ ಬದಲಿಸಿದರೆ, ಕೇಂದ್ರದ ಪರವಾನಗಿಯೂ ಬೇಡವಾದರೆ, ವಿನಾಯಿತಿ ಬರುವ ಮೊದಲೂ 106 ಅವರ ತಂಟೆಗೆ ಹೋಗುತ್ತಿರಲಿಲ್ಲ. ಲೈನ್ ಪೂರ್ತಿ ಮುಚ್ಚುತ್ತೇವೆ ಅಂದಾಗ ಮಾತ್ರ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಎಂಬ ಕೇಂದ್ರ ಸಂಸ್ಥೆಯ ಅಪ್ಪಣೆ ಬೇಕು, ಆಗ ಪರಿಶೀಲನೆ ಬರುತ್ತದೆ. ಹಾಗಾಗಿ 2018ರ ವಿನಾಯಿತಿಯಿಂದ ಲಾಭವಾದದ್ದು ಮುಖ್ಯವಾಗಿ ಕೇಂದ್ರದ ದುಡ್ಡಿನಿಂದ ಓಡುವ ಪ್ರಯಾಣಿಕರ ರೈಲಿಗೆ, ಅಂದರೆ ದೇಶದ ದೂರದೂರಿನ ಪ್ರಯಾಣಿಕರ ರೈಲು ಓಡಿಸುವ ಆ್ಯಮ್‌ಟ್ರಾಕ್ ಮತ್ತು ನಗರಗಳ ಲೋಕಲ್ ರೈಲು, ಮೆಟ್ರೋಗಳಿಗೆ. ಸಾರ್ವಜನಿಕರ ರೈಲು. ನ್ಯಾಯದ ಪ್ರಶ್ನೆ ಕೇಳುವಾಗ ಇದೂ ತಲೆಯಲ್ಲಿರಲಿ.

ಪ್ರಶ್ನೆ: ನಾನು ರೈಲ್ವೆಯಲ್ಲಿ ಹಳಿ ನಿರ್ವಹಣೆ ಮಾಡಿ ನಿವೃತ್ತನಾದವನು. ಸ್ಲೀಪರ್ ಬದಲಿಸಲು ಇತಿಹಾಸದ ಮೇಷ್ಟ್ರನ್ನು ಕೇಳಬೇಕು ಅನ್ನುವುದು ಹುಚ್ಚುತನ. ರೈಲು ಮಾರ್ಗ ಮ್ಯೂಸಿಯಂ ಅಲ್ಲ, ದಿನಾ ರಿಪೇರಿ ಆದರೇನೇ ಜೀವ ಉಳಿಯುವುದು. ನೀವು ವಿನಾಯಿತಿಯ ಪರವೋ ವಿರುದ್ಧವೋ, ನೇರ ಹೇಳಿ.
— ಓದುಗರು, ಹುಬ್ಬಳ್ಳಿ

ನೇರವಾಗಿ ಹೇಳುತ್ತೇನೆ: ವಿನಾಯಿತಿಯ ಪರ. ಆದರೆ ಮೊದಲು ಮುಖ್ಯ ಆಸ್ತಿಗಳ ಪಟ್ಟಿ, ಆಮೇಲೆ ವಿನಾಯಿತಿ.

ನಿಮ್ಮ ಮಾತಿನಲ್ಲಿ ಹುರುಳಿದೆ. ನಾರ್ತ್‌ಈಸ್ಟ್ ಕಾರಿಡಾರಿನಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವಿನ ವಿದ್ಯುತ್ ತಂತಿ ವ್ಯವಸ್ಥೆ 1930ರ ದಶಕದ್ದು. ಬಿಸಿಲಿಗೆ ಆ ತಂತಿ ಹಿಗ್ಗಿ ಜೋಲು ಬೀಳುತ್ತದೆ, ರೈಲು ನಿಧಾನ ಮಾಡಬೇಕು. ಹೊಸ ವ್ಯವಸ್ಥೆಯಲ್ಲಿ ತೂಕ ಕಟ್ಟಿ ತಂತಿಯನ್ನು ಯಾವಾಗಲೂ ಒಂದೇ ಬಿಗಿಯಲ್ಲಿ ಇಡುತ್ತಾರೆ, ಇಲ್ಲಿ ಅದಿಲ್ಲ. ಈ ಕಂಬಗಳೂ 50 ವರ್ಷ ದಾಟಿದವೇ, ಪೆನ್ಸಿಲ್ವೇನಿಯಾ ರೈಲ್‌ರೋಡಿನ ವಿದ್ಯುದೀಕರಣ ಅಂದರೆ ಇತಿಹಾಸದಲ್ಲಿ ದೊಡ್ಡ ಹೆಸರೇ. ಆದರೂ ಒಂದೊಂದು ಕಂಬಕ್ಕೆ ಒಂದೊಂದು ಫೈಲು ಅಂದರೆ ಪರಂಪರೆಗೂ ಲಾಭವಿಲ್ಲ, ಪ್ರಯಾಣಿಕರಿಗೂ ಇಲ್ಲ. ಹಳಿ, ಸ್ಲೀಪರ್, ಜಲ್ಲಿ, ತಂತಿ: ಇವು ಸವೆದುಕೊಂಡೇ ಹೋಗುವ ವಸ್ತುಗಳು. ಇವಕ್ಕೆ ವಿನಾಯಿತಿ ಕೊಟ್ಟಿದ್ದು ಸರಿ.

ಪರಿಶೀಲನೆ ಇದ್ದರೆ ಏನೂ ಕೆಡವಲಾಗದು ಅನ್ನುವುದು ಮಾತ್ರ ಸುಳ್ಳು. ನ್ಯೂಯಾರ್ಕ್ ರಾಜ್ಯದ ಲೆಚ್‌ವರ್ತ್ ಉದ್ಯಾನದಲ್ಲಿ ಜೆನೆಸೀ ನದಿಯ ಕಮರಿ ಮೇಲೆ ಒಂದು ಕಬ್ಬಿಣದ ರೈಲು ಸೇತುವೆ ಇತ್ತು, ಅದಕ್ಕೂ ಮೊದಲಿದ್ದ ಮರದ ಸೇತುವೆ ಸುಟ್ಟುಹೋದ ವರ್ಷವೇ, 1875ರಲ್ಲಿ, ಕಟ್ಟಿದ್ದು. ಕೆಳಗೆ ಜಲಪಾತ, ಮೇಲೆ ರೈಲು, ಫೋಟೋ ತೆಗೆಯುವವರ ಸಂತೆ. ಆದರೆ ರೈಲು ಗಂಟೆಗೆ 10 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಕೇಂದ್ರದ ದುಡ್ಡು ಸೇರಿದ್ದರಿಂದ ಪರಿಶೀಲನೆ ಪೂರ್ತಿ ನಡೆಯಿತು. ಹಳೆಯದನ್ನು ಪಕ್ಕದಲ್ಲಿ ಹಾಗೇ ಬಿಡಬಹುದೇ ಅಂತಲೂ ನೋಡಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಹೊಸ ಕಮಾನು ಸೇತುವೆ ಮೇಲೆ ರೈಲು ಓಡಿತು, 2018ರಲ್ಲಿ ಹಳೆಯದನ್ನು ತೆಗೆದರು. ನನಗೆ ಆ ತೀರ್ಮಾನದ ಬಗ್ಗೆ ಬೇಸರವಿಲ್ಲ. ಎಲ್ಲರೂ ನೋಡಿ, ಮಾತಾಡಿ, ಗೊತ್ತಿದ್ದೂ ತೆಗೆದರು. ಇಂಥ ಕಡೆ ಕೆಡವುವ ಮೊದಲು ಅಳತೆಯ ನಕ್ಷೆ, ಒಳ್ಳೆಯ ಫೋಟೋ ತೆಗೆದು ದಾಖಲೆ ಮಾಡಿಸುತ್ತಾರೆ. ಅಮೆರಿಕದಲ್ಲಿ ಇದಕ್ಕಾಗಿಯೇ 1969ರಿಂದ ಎಂಜಿನಿಯರಿಂಗ್ ದಾಖಲೆಯ ಯೋಜನೆ ಇದೆ, ಎಲ್ಲವೂ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋಗುತ್ತದೆ, ಮನೆಯಲ್ಲೇ ಕೂತು ನೋಡಬಹುದು.

ಈಗ ನನ್ನ ಚಿಂತೆಗೆ ಬರುತ್ತೇನೆ. ದೊಡ್ಡ ಸೇತುವೆಗೆ, ದೊಡ್ಡ ಸ್ಟೇಷನ್ನಿಗೆ ಅಭಿಮಾನಿಗಳು ಇದ್ದಾರೆ. ಪತ್ರಿಕೆಯಲ್ಲಿ ಬರುತ್ತದೆ, ಗಲಾಟೆ ಆಗುತ್ತದೆ. ಕಲ್ಲಿನ ಚಿಕ್ಕ ಮೋರಿ, ಎರಡು ಅಂತಸ್ತಿನ ಸಿಗ್ನಲ್ ಟವರ್, ಗ್ಯಾಂಗಿನವರ ಶೆಡ್ಡು, ಹೆಸರು ಗೊತ್ತಿಲ್ಲದ ಕೂಲಿಗಳು ಕಟ್ಟಿದ ತಡೆಗೋಡೆ, ಇವಕ್ಕೆ ಯಾರಿದ್ದಾರೆ? ಕ್ಯಾಲಿಫೋರ್ನಿಯಾದ ಡಾನರ್ ಪಾಸ್ ಬೆಟ್ಟದಲ್ಲಿ ಚೀನಾದಿಂದ ಬಂದ ಕೆಲಸಗಾರರು 1860ರ ದಶಕದಲ್ಲಿ ಗಟ್ಟಿ ಬಂಡೆಯನ್ನು ಕೈಯಿಂದ ಕೊರೆದು ಸುರಂಗ ಮಾಡಿದರು, ಕಲ್ಲಿಗೆ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದರು. ದೇಶದ ಎರಡು ತುದಿ ಸೇರಿಸಿದ ರೈಲು 1869ರಲ್ಲಿ ಪೂರ್ತಿಯಾಗಿದ್ದು ಅವರ ಬೆವರಿನಿಂದ. 1993ರಲ್ಲಿ ರೈಲು ಪಕ್ಕದ ಬೇರೆ ಸುರಂಗ ಹಿಡಿಯಿತು, ಹಳಿ ಕಿತ್ತರು, ಸುರಂಗದ ಗೋಡೆಗಳ ಮೇಲೆ ಈಗ ಸ್ಪ್ರೇ ಪೇಂಟ್. ಪರಂಪರೆ ಉಳಿಸಲು ದುಡಿಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ಅಪಾಯದಲ್ಲಿರುವ ಜಾಗಗಳ ಪಟ್ಟಿಗೆ ಸೇರಿಸಿದ್ದು 2021ರಲ್ಲಿ. ಎಷ್ಟು ತಡ ನೋಡಿ. ಅಷ್ಟು ಪ್ರಸಿದ್ಧ ಜಾಗದ ಗತಿಯೇ ಹೀಗಾದರೆ, ಯಾರೂ ಬರೆದಿಡದ ಮೋರಿಯನ್ನು ಕೇಳುವವರು ಯಾರು? ಮೊದಲು ಕನಿಷ್ಠ ಒಂದು ಕಾಗದ ಹೋಗುತ್ತಿತ್ತು. ಯಾವುದೋ ರಾಜ್ಯ ಕಚೇರಿಯಲ್ಲಿ ಯಾರೋ ಒಬ್ಬರು ಆ ಕಾಗದ ನೋಡಿ 'ಅರೆ, ಇದು ಇಷ್ಟು ಹಳೇದಾ' ಅನ್ನುತ್ತಿದ್ದರು. ಕೆಲಸದ ಪಟ್ಟಿಯ ವಿನಾಯಿತಿಯಲ್ಲಿ ಬಹಳ ಸಲ ಆ ಕಾಗದವೇ ಹುಟ್ಟುವುದಿಲ್ಲ.

ಹೆದ್ದಾರಿಯವರು ಇದನ್ನು ಚೆನ್ನಾಗಿ ಮಾಡಿದ್ದರು. ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿ ಕಾಯ್ದೆ 1956ರದ್ದು. 50 ವರ್ಷ ತುಂಬುತ್ತಿದ್ದ ಹಾಗೇ ಇಡೀ ಹೆದ್ದಾರಿ ಜಾಲವೇ ಐತಿಹಾಸಿಕ ಆಗಿಬಿಟ್ಟರೆ ಏನು ಗತಿ ಅಂತ 2005ರಲ್ಲಿ ವಿನಾಯಿತಿ ತಂದರು. ಜೊತೆಗೇ ಯಾವ ಸೇತುವೆ, ಯಾವ ಸುರಂಗ, ಯಾವ ಭಾಗ ನಿಜಕ್ಕೂ ವಿಶೇಷ ಅಂತ ರಾಜ್ಯಗಳನ್ನು ಕೇಳಿ 2006ರಲ್ಲಿ ದೇಶಕ್ಕೆಲ್ಲ ಒಂದು ಪಟ್ಟಿ ಮಾಡಿದರು. ಕೊಲರಾಡೋದ ಗ್ಲೆನ್‌ವುಡ್ ಕಣಿವೆಯ ರಸ್ತೆ, ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆ ಅದರಲ್ಲಿವೆ. ಪಟ್ಟಿಯಲ್ಲಿದ್ದದ್ದಕ್ಕೆ ಪರಿಶೀಲನೆ, ಉಳಿದದ್ದಕ್ಕೆ ಇಲ್ಲ. ಜಗಳ ಮುಗಿಯಿತು.

ರೈಲಿಗೂ ಎರಡನೆಯ ದಾರಿ ಅಂತ ಇದನ್ನೇ ಇಟ್ಟಿದ್ದಾರೆ. ಆದರೆ ಅದು ಐಚ್ಛಿಕ, ಮತ್ತು ಪಟ್ಟಿ ಮಾಡುವ ಕೆಲಸ, ಖರ್ಚು ಎರಡೂ ಯೋಜನೆ ಮಾಡುವವರ ತಲೆ ಮೇಲೆ. ಮೊದಲ ದಾರಿಯಲ್ಲಿ ಕೆಲಸಗಳ ಪಟ್ಟಿ ತೆಗೆದು ಟಿಕ್ ಹಾಕಿ ಕೆಲಸ ಶುರು ಮಾಡಬಹುದು ಅನ್ನುವಾಗ ಎರಡನೆಯದನ್ನು ಯಾರು ಹಿಡಿಯುತ್ತಾರೆ? ನಾನು ಆ ಕುರ್ಚಿಯಲ್ಲಿದ್ದರೂ ಹಿಡಿಯುತ್ತಿರಲಿಲ್ಲ. ಅದಕ್ಕೇ ಆಸ್ತಿಗಳ ಪಟ್ಟಿ ಮೊದಲು ಕಡ್ಡಾಯ ಆಗಬೇಕಿತ್ತು ಅನ್ನುವುದು. ಸರ್, ನಿಮಗೂ ಗೊತ್ತಿರುತ್ತದೆ, ನಿಮ್ಮ ವಿಭಾಗದ ಯಾವ ಮೋರಿ ಯಾವ ಕಾಲದ್ದು, ಯಾವ ಕಲ್ಲಿನದು ಅಂತ ಗ್ಯಾಂಗ್‌ಮನ್‌ಗಳಿಗೆ ಬಾಯಿಪಾಠ ಇರುತ್ತದೆ. ಅವರನ್ನು ಒಂದು ದಿನ ಕೂರಿಸಿ ಬರೆಸಿಕೊಂಡರೂ ಅರ್ಧ ಪಟ್ಟಿ ಆಯಿತು.

ಪ್ರಶ್ನೆ: ನಮ್ಮ ದೇಶದಲ್ಲಿ ಹೇಗೆ? ಇಲ್ಲಿ ರೈಲ್ವೆಗೆ ಇಂಥ ಪರಿಶೀಲನೆ ಇದೆಯೇ?
— ಓದುಗರು, ಮೈಸೂರು

ವಿನಾಯಿತಿ ಕೊಡಬೇಕಾದರೆ ಮೊದಲು ಪರಿಶೀಲನೆ ಇರಬೇಕಲ್ಲ! ಸೆಕ್ಷನ್ 106ರ ತರಹ, ಪ್ರತಿ ರೈಲು ಕೆಲಸಕ್ಕೂ ಮೊದಲು ಇತಿಹಾಸ ನೋಡಿ ಅನ್ನುವ ನಿಯಮ ನಮ್ಮಲ್ಲಿಲ್ಲ. 2006ರ ಪರಿಸರ ಅನುಮತಿ ಅಧಿಸೂಚನೆಯ ಪಟ್ಟಿಯಲ್ಲೂ ರೈಲು ಮಾರ್ಗ ಇಲ್ಲ. ಇರುವುದು ಸ್ಮಾರಕ ಕಾಯ್ದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಸ್ಮಾರಕ ಅಂತ ಘೋಷಣೆ ಆಗಿದ್ದರೆ ಲೆಕ್ಕ, ಇಲ್ಲದಿದ್ದರೆ ನಿಮ್ಮೂರ ಹಳೇ ರೈಲು ಸೇತುವೆಗೆ ಹೇಳೋರಿಲ್ಲ ಕೇಳೋರಿಲ್ಲ. ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಬೆಟ್ಟದ ರೈಲುಗಳು, ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಯುನೆಸ್ಕೋ ಪಟ್ಟಿಯಲ್ಲಿರುವುದರಿಂದ ಅವುಗಳ ಮಾತು ಬೇರೆ.

ನೀವು ಮೈಸೂರಿನವರು, ಶ್ರೀರಂಗಪಟ್ಟಣದ ಕಥೆ ಗೊತ್ತಿರಬೇಕು. ಬೆಂಗಳೂರು–ಮೈಸೂರು ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವುವ ಹಾಗಿಲ್ಲ, ಹಳಿ ತಿರುಗಿಸುವ ಹಾಗೂ ಇಲ್ಲ. ಕೆಲಸ ಅಲ್ಲೇ ನಿಂತಿತು. ಕೊನೆಗೆ 2017ರಲ್ಲಿ ಕಟ್ಟಡಗಳನ್ನೇ ಸಾಗಿಸುವ ಅಮೆರಿಕದ ಕಂಪನಿಯೊಂದನ್ನು ಕರೆಸಿ, ಇಡೀ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ, ಸುಮಾರು ನೂರು ಮೀಟರ್ ಆಚೆ ಇಳಿಸಿದರು. ಖರ್ಚಾಯಿತು, ತಡವಾಯಿತು, ಆದರೆ ರೈಲೂ ಓಡುತ್ತಿದೆ, ಮದ್ದಿನ ಮನೆಯೂ ಇದೆ. ಜಾಗ ಬದಲಾದ ಮೇಲೆ ಅದರ ಅರ್ಥ ಸ್ವಲ್ಪ ಹೋಯಿತು ಅನ್ನುವವರಿದ್ದಾರೆ. ನನಗೂ ಹಾಗನ್ನಿಸುತ್ತದೆ, ಆದರೂ ಇಲ್ಲದೇ ಹೋಗುವುದಕ್ಕಿಂತ ವಾಸಿ.

ಬೆಂಗಳೂರು–ಚಿಕ್ಕಬಳ್ಳಾಪುರ ಲೈನಿನ ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್ ಸ್ಟೇಷನ್‌ಗಳನ್ನು ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈಋತ್ಯ ರೈಲ್ವೆ ಜೊತೆ ಸೇರಿ ದುರಸ್ತಿ ಮಾಡಿದೆ. ಹೆಂಚಿನ ಮಾಡಿನ ಪುಟ್ಟ ಕಟ್ಟಡಗಳು. ಯಾವ ಕಾನೂನೂ ಮಾಡಿ ಅಂದಿರಲಿಲ್ಲ. ಆಸಕ್ತಿ ಇದ್ದವರು ಕೇಳಿದರು, ರೈಲ್ವೆ ಒಪ್ಪಿತು. ಕೇಳುವವರಿಲ್ಲದ ಲೈನುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಅಲ್ಲಿನ ಮೂಲನಿವಾಸಿಗಳ ಜಾಗದಲ್ಲೂ ರೈಲಿಗೆ ವಿನಾಯಿತಿ ಇದೆಯೇ?
— ವಿದ್ಯಾರ್ಥಿನಿ, ದಾವಣಗೆರೆ

ಬುಡಕಟ್ಟಿನ ನೆಲದಲ್ಲಿ ಆ ಬುಡಕಟ್ಟು ಮೊದಲೇ ಬರೆದು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಅವರಿಗೆ ಧಾರ್ಮಿಕವಾಗಿ, ಸಾಂಸ್ಕೃತಿಕವಾಗಿ ಮುಖ್ಯವಾದ ಜಾಗಗಳು ರೈಲ್ವೆ ಜಾಗದ ಒಳಗೇ ಇದ್ದರೂ ವಿನಾಯಿತಿಗೆ ಸೇರುವುದಿಲ್ಲ. ಒಳ್ಳೆಯ ಪ್ರಶ್ನೆ. ರೈಲು ಬಂದಿದ್ದೇ ಅವರ ನೆಲದ ಮೇಲೆ ಅಲ್ವಾ.

ಪ್ರಶ್ನೆ: ನಮ್ಮೂರಲ್ಲಿ ಒಂದು ಹಳೇ ಮರದ ರೈಲು ಸ್ಟೇಷನ್ ಇದೆ. ಲೋಕಲ್ ರೈಲಿನ ಪ್ಲಾಟ್‌ಫಾರಂ ಉದ್ದ ಮಾಡುತ್ತಾರಂತೆ. ನಾನು ಗ್ರೀನ್ ಕಾರ್ಡಿನವಳು, ಪ್ರಜೆಯಲ್ಲ. ನನ್ನ ಮಾತು ಯಾರಾದರೂ ಕೇಳುತ್ತಾರಾ?
— ಓದುಗರು, ಸ್ಯಾನ್ ಹೋಸೆ ಹತ್ತಿರ

ಕೇಳಬೇಕು. ಸೆಕ್ಷನ್ 106 ಪರಿಶೀಲನೆ ನಡೆಯುತ್ತಿದ್ದರೆ ಸಾರ್ವಜನಿಕರು ಅಭಿಪ್ರಾಯ ಹೇಳಬಹುದು, ಆ ಜಾಗದ ಬಗ್ಗೆ ನಿಮಗೆ ನಿಜವಾದ ಕಾಳಜಿ ಇದೆ ಅಂತ ತೋರಿಸಿದರೆ ಸಮಾಲೋಚನೆಯಲ್ಲೇ ಒಬ್ಬರಾಗಿ ಕೂರಲು ಅರ್ಜಿ ಹಾಕಬಹುದು. ನಿಯಮದಲ್ಲಿ ಪೌರತ್ವದ ಷರತ್ತಿಲ್ಲ. ಮೊದಲು ಮೂರು ವಿಷಯ ಪತ್ತೆ ಮಾಡಿ: ಕೆಲಸಕ್ಕೆ ಕೇಂದ್ರದ ದುಡ್ಡು ಇದೆಯೇ, ಯಾವ ಕೇಂದ್ರ ಸಂಸ್ಥೆ ಕೊಡುತ್ತಿದೆ, 2018ರ ವಿನಾಯಿತಿ ಬಳಸುತ್ತಿದ್ದಾರೆಯೇ. ರೈಲು ಸಂಸ್ಥೆಗೆ ಒಂದು ಇಮೇಲ್ ಹಾಕಿ ಕೇಳಿ. ವಿನಾಯಿತಿ ಅಂದರೆ ಯಾವ ದಾರಿಯಲ್ಲಿ, ಪಟ್ಟಿಯ ಯಾವ ಕೆಲಸದ ಕೆಳಗೆ ಅಂತಲೂ ಕೇಳಿ. ಆಮೇಲೆ ಸ್ಯಾಕ್ರಮೆಂಟೋದಲ್ಲಿರುವ ರಾಜ್ಯ ಸಂರಕ್ಷಣಾ ಕಚೇರಿಗೆ ಬರೆಯಿರಿ. ಕೇಂದ್ರದ ದುಡ್ಡೇ ಇಲ್ಲ ಅಂತಾದರೂ ಕೈಚೆಲ್ಲಬೇಡಿ, ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಪರಿಸರ ಕಾನೂನಿದೆ, ಅದು ಐತಿಹಾಸಿಕ ಕಟ್ಟಡಗಳನ್ನೂ ನೋಡುತ್ತದೆ. ಸ್ಟೇಷನ್ನಿನ ಇವತ್ತಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಪತ್ರದ ಜೊತೆ ಕಳಿಸಿ. ಮತ್ತು ಪತ್ರವನ್ನು ಒಂದು ಪುಟ ಮೀರಿಸಬೇಡಿ.